ಕುಲುಕಕ್ಕನ ತೊಟ್ಟಿ

ನಮ್ಮ ಅತ್ತಿಗೆ ಕೈಗೆ ಸಿಕ್ಕ ಯಾವುದನ್ನೂ ಕುಲುಕದೆ ಕೆಳಗಿಟ್ಟವಳಲ್ಲ. ಉಪ್ಪಿನ ಡಬ್ಬಿ, ಔಷಧಿ ಬಾಟಲಿ, ಬೆಂಕಿಪೊಟ್ಟಣ, ಏನೇ ಇರಲಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನಿಂದ ಏನು ಸದ್ದು ಬರುತ್ತದೆ ಎಂದು ಕೇಳಿಸಿಕೊಂಡ ಮೇಲೆಯೇ ಅದಕ್ಕೆ ಬಿಡುಗಡೆ. ಅವಳ ಗಂಡ, ಅಂದರೆ ನನ್ನ ಅಣ್ಣ, ಕೆಲಸ ಮುಗಿಸಿ ಬಂದು ಊಟದ ಡಬ್ಬಿ ಕೈಗೆ ಕೊಟ್ಟರೆ ಅದನ್ನೂ ಕುಲುಕುತ್ತಾಳೆ. ಊಟ ಬಿಟ್ಟಿದ್ದಾನೋ ಇಲ್ಲವೋ ಎಂಬುದು ಮುಚ್ಚಳ ತೆಗೆಯುವ ಮೊದಲೇ ಗೊತ್ತಾಗಬೇಕು ಅವಳಿಗೆ. ಒಂದು ದಿನ ಪಕ್ಕದ ಮನೆಯವರು ತಮ್ಮ ಕೂಸನ್ನು ತಂದು ಅವಳ ಕೈಗೆ ಕೊಡಲು ಹೊರಟಾಗ ನಾನು ಸುಮ್ಮನಿರಲಾರದೆ, ಅತ್ತಿಗೆ, ಇದೊಂದನ್ನ ಕುಲುಕಬೇಡಿ, ಈಗಷ್ಟೇ ಹಾಲು ಕುಡಿದಿದೆ ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು. ಆದರೆ ಕೂಸಿನ ಕೈಯಲ್ಲಿದ್ದ ಗಿಲಕಿಯನ್ನು ಇಸಿದುಕೊಂಡು ಒಮ್ಮೆ ಕುಲುಕಿ ನೋಡಿಯೇ ಬಿಟ್ಟಳು.

ಕೂತಲ್ಲಿ ಕೂರುವ ಜೀವವೂ ಆಗಿರಲಿಲ್ಲ ಅದು. ಚಹಾ ಕುಡಿಯುವಾಗಲೂ ಒಂದು ಕಾಲು ಬಾಗಿಲ ಕಡೆಗೇ ಇರುತ್ತಿತ್ತು. ನಮ್ಮ ಅಮ್ಮನಂತೂ ಸೊಸೆ ಬಂದ ಹೊಸದರಲ್ಲಿ, ಇವಳ ಜೊತೆ ಒಂದು ಹೊತ್ತು ಕೂತರೆ ನನಗೇ ಎಲ್ಲಿಗೋ ಹೊರಡಬೇಕು ಅನ್ನಿಸುತ್ತದಲ್ಲೇ ಎಂದು ನನ್ನ ಹತ್ತಿರ ದೂರುತ್ತಿದ್ದಳು. ಅಮ್ಮ ಹೇಳಿದ್ದು ಸುಳ್ಳಲ್ಲ. ನನಗೂ ಹಾಗೇ ಆಗುತ್ತದೆ. ಇದನ್ನು ಹೇಳುವಾಗಲೂ ನಾನು ಎದ್ದು ಓಡಾಡುತ್ತಿದ್ದೇನೆ.

ಅತ್ತಿಗೆಯೂ ನಾನೂ ಕೆಲಸ ಮಾಡುವುದು ಒಂದೇ ಶೆಡ್ಡಿನಲ್ಲಿ. ಜನ ಬಳಸಿ ಎಸೆದ ಅಲ್ಯೂಮಿನಿಯಂ ಎಲ್ಲ ಕೊನೆಗೆ ನಮ್ಮ ಬಾಗಿಲಿಗೇ ಬರುತ್ತದೆ. ಕಿಟಕಿಯ ಚೌಕಟ್ಟು, ತಳ ತೂತಾದ ಪಾತ್ರೆ, ಕಂಬದಿಂದ ಇಳಿಸಿದ ತಂತಿ, ಪಾನೀಯದ ಡಬ್ಬಿ, ಬಸ್ಸಿನ ಮೈಮೇಲಿನ ತಗಡು, ಇಂಜಿನ್ನಿನ ದಪ್ಪ ಚಿಪ್ಪು. ಎಲ್ಲ ಒಂದು ಉದ್ದನೆಯ ಬೆಲ್ಟಿನ ಮೇಲೆ ಗಲಗಲ ಸದ್ದು ಮಾಡುತ್ತ ಬರುತ್ತವೆ. ಕಬ್ಬಿಣದ ಚೂರುಗಳನ್ನು ಮೊದಲೇ ದೊಡ್ಡ ಅಯಸ್ಕಾಂತ ಎಳೆದುಕೊಂಡುಬಿಡುತ್ತದೆ. ಅಲ್ಯೂಮಿನಿಯಂ ಅದಕ್ಕೆ ಸೊಪ್ಪು ಹಾಕುವುದಿಲ್ಲ, ನೇರವಾಗಿ ನಮ್ಮ ಮುಂದೆ ಬರುತ್ತದೆ. ತಂತಿ ಬೇರೆ, ತಗಡು ಬೇರೆ, ಚಿಪ್ಪು ಬೇರೆ ಎಂದು ನಾವು ಆರಿಸಬೇಕು. ಒಂದೊಂದರಲ್ಲಿ ಬೆರೆತಿರುವ ಬೇರೆ ಲೋಹ ಒಂದೊಂದು, ಹಾಗೇ ಕಲಸಿ ಕರಗಿಸಿದರೆ ಯಾವ ಕೆಲಸಕ್ಕೂ ಬಾರದ ಗಟ್ಟಿಯಾಗುತ್ತದೆ. ಆರಿಸಿದ್ದನ್ನು ಕಬ್ಬಿಣದ ತೊಟ್ಟಿಗಳಿಗೆ ತುಂಬಿದರೆ, ತೊಟ್ಟಿ ನೆಲದ ಮೇಲಿನ ಹಳದಿ ಗೀಟು ದಾಟಿ ಕುಲುಮೆಯ ಕಡೆಗೆ ಹೋಗುತ್ತದೆ. ನಾವು ಆ ಗೀಟು ದಾಟುವಂತಿಲ್ಲ. ಗೀಟಿನ ಆಚೆ, ಕುಲುಮೆಯ ಬಾಯಲ್ಲಿ, ಉದ್ದ ಹಿಡಿಯ ಕುಂಟೆ ಹಿಡಿದು ನಿಲ್ಲುವವನು ನನ್ನ ಅಣ್ಣ.

ಈಗ ನೀರಿನ ಮಾತು ಹೇಳಬೇಕು. ಕರಗಿದ ಲೋಹದೊಳಗೆ ನೀರು ಹೋಗಬಾರದು. ಮೇಲೆ ಬಿದ್ದ ಹನಿ ಚುರ್ ಎಂದು ಹಾರಿಹೋದೀತು. ಆದರೆ ಮುಚ್ಚಿದ ಕೊಳವೆಯೊಳಗೆ, ಜಜ್ಜಿದ ಡಬ್ಬಿಯ ಮಡಿಕೆಯೊಳಗೆ ಅಡಗಿ ಕೂತ ನೀರು ಲೋಹದ ಅಡಿಗೆ ಹೋದರೆ ಹಬೆಯಾಗಿ ಹಿಗ್ಗಿ, ಮೇಲಿರುವುದನ್ನೆಲ್ಲ ಎತ್ತಿ ಎದುರಿಗೆ ನಿಂತವನ ಮುಖಕ್ಕೆ ಎರಚುತ್ತದೆ. ಅಣ್ಣನಿಗಿಂತ ಮೊದಲು ಆ ಬಾಯಲ್ಲಿ ನಿಲ್ಲುತ್ತಿದ್ದವನನ್ನು ನಾವು ಗೇಟಿನ ಮಾಮ ಎನ್ನುತ್ತೇವೆ. ಈಗ ಅವನು ಗೇಟಿನ ಹತ್ತಿರ ಸ್ಟೂಲಿನ ಮೇಲೆ ಕೂತು, ಬಂದವರನ್ನು ಹೆಜ್ಜೆಯ ಸದ್ದಿನಿಂದಲೇ ಗುರುತು ಹಿಡಿದು ಬಾಗಿಲು ತೆಗೆಯುತ್ತಾನೆ. ಕಣ್ಣಿದ್ದ ಕಡೆ ಈಗ ಬರೀ ಹೊಳೆಯುವ ಚರ್ಮ. ಅತ್ತಿಗೆ ಅವನನ್ನು ದಾಟಿಕೊಂಡೇ ದಿನಾ ಕೆಲಸಕ್ಕೆ ಬರುತ್ತಾಳೆ. ಹಾಗಿದ್ದ ಮೇಲೆ ಕುಲುಕದೆ ಏನು ಮಾಡಿಯಾಳು? ಅವಳ ಕೈಯಿಂದ ಜಾರಿದ್ದು ನೇರವಾಗಿ ಹೋಗಿ ಬೀಳುವುದು ಅವಳ ಗಂಡನ ಎದುರಿಗೇ.

ಅವಳ ಬದುಕೂ ಈ ಲೋಹದ ಹಿಂದೆಯೇ ನಡೆದು ಬಂದಿದೆ. ಹುಟ್ಟಿದ್ದು ಕೆಂಪು ಗುಡ್ಡವೊಂದರ ಬುಡದಲ್ಲಿ. ಆ ಗುಡ್ಡವನ್ನು ಪದರ ಪದರವಾಗಿ ಕೆರೆದು ಲಾರಿಗೆ ತುಂಬುತ್ತಿದ್ದವರಲ್ಲಿ ಅವಳ ಅಪ್ಪ ಒಬ್ಬ. ಅಲ್ಯೂಮಿನಿಯಂ ಹುಟ್ಟುವುದು ಬಾಕ್ಸೈಟ್ ಎಂಬ ಆ ಕೆಂಪು ಮಣ್ಣಿನಿಂದ ಎಂದರೆ ನಾನು ಮೊದಮೊದಲು ನಂಬಿರಲಿಲ್ಲ. ನೋಡಿದರೆ ಇಟ್ಟಿಗೆಗೂ ಯೋಗ್ಯವಲ್ಲದ ಮಣ್ಣು. ಅದನ್ನು ಪುಡಿ ಮಾಡಿ, ಕೈಗೆ ತಾಗಿದರೆ ಚರ್ಮ ಸುಲಿಯುವಂಥ ಕ್ಷಾರದ ನೀರಿನಲ್ಲಿ ಕುದಿಸಿ, ಕೆಂಪು ರಾಡಿಯನ್ನು ಬೇರ್ಪಡಿಸಿದರೆ ಕೊನೆಗೆ ಸಿಗುವುದು ಸಕ್ಕರೆಯಂಥ ಬಿಳಿ ಪುಡಿ. ಅವಳ ಅಮ್ಮ ಎಷ್ಟು ಒಗೆದರೂ ಮನೆಯ ಬಟ್ಟೆಗಳಿಂದ ಕೆಂಪು ಹೋಗಲಿಲ್ಲವಂತೆ. ಅತ್ತಿಗೆಗೆ ಬಿಳಿ ಲಂಗ ಅಂತ ಒಂದಿದೆ ಎನ್ನುವುದೇ ಗುಡ್ಡ ಬಿಟ್ಟ ಮೇಲೆ ಗೊತ್ತಾಯಿತಂತೆ.

ಆಮೇಲೆ ಅಪ್ಪನಿಗೆ ಕೆಲಸ ಸಿಕ್ಕಿದ್ದು ಆ ಬಿಳಿ ಪುಡಿಯಿಂದ ಲೋಹ ತೆಗೆಯುವ ಕಾರ್ಖಾನೆಯಲ್ಲಿ. ಅಲ್ಲಿ ಬೆಂಕಿಗಿಂತ ಕರೆಂಟಿನದೇ ಕಾರುಬಾರು. ಸಾಲು ಸಾಲು ಕೊಪ್ಪರಿಗೆಗಳಲ್ಲಿ ಪುಡಿಯನ್ನು ಕರಗಿಸಿ, ಅದರೊಳಗೆ ಹಗಲಿರುಳು ವಿದ್ಯುತ್ ಹರಿಸಿದರೆ ತಳದಲ್ಲಿ ಲೋಹ ಸೇರುತ್ತದೆ. ವಿದ್ಯುತ್ ನಿಲ್ಲಬಾರದು. ಕೆಲವು ಗಂಟೆ ನಿಂತರೂ ಕೊಪ್ಪರಿಗೆಗಳಲ್ಲಿರುವುದೆಲ್ಲ ಹೆಪ್ಪುಗಟ್ಟಿ, ಇಡೀ ಸಾಲನ್ನು ಉಳಿ ಸುತ್ತಿಗೆ ಹಿಡಿದು ಕೆತ್ತಿ ತೆಗೆಯಬೇಕಾಗುತ್ತದೆ. ಹಾಗಾಗಿ ಮನೆಯಲ್ಲಿ ಬಲ್ಬು ಒಮ್ಮೆ ಮಿಣುಕಿದರೆ ಸಾಕು, ಅವಳ ಅಪ್ಪ ತಟ್ಟೆಯ ಮುಂದಿನಿಂದ ಎದ್ದು ಚಪ್ಪಲಿ ಹುಡುಕುತ್ತಿದ್ದನಂತೆ. ರಜೆಯ ದಿನವೂ ಅಷ್ಟೇ. ಒಂದು ಕಾಲು ಬಾಗಿಲ ಕಡೆಗಿಟ್ಟು ಚಹಾ ಕುಡಿಯುವ ಚಾಳಿ ಮಗಳಿಗೆ ಎಲ್ಲಿಂದ ಬಂತು ಎಂದು ಬೇರೆ ಹೇಳಬೇಕಾಗಿಲ್ಲ.

ಗುಜರಿ ಕರಗಿಸುವವನಿಗೆ ಮಗಳನ್ನು ಕೊಡುವುದೇ ಎಂದು ಅವರ ಕಡೆಯವರು ಮೂಗು ಮುರಿದಾಗ ಅವಳ ಅಪ್ಪನೇ ಅಡ್ಡ ಬಂದನಂತೆ. ಮಣ್ಣಿನಿಂದ ಲೋಹ ಎಳೆಯಲು ಬೇಕಾದ ಶಕ್ತಿಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಸಾಕು ಹಳೆಯದನ್ನು ಕರಗಿಸಲು, ಆ ಹುಡುಗ ನನ್ನ ಹಾಗೆ ಬಲ್ಬು ನೋಡಿ ಎದ್ದು ಓಡುವವನಲ್ಲ, ನೆಮ್ಮದಿಯಿಂದ ಉಂಡು ಮಲಗುತ್ತಾನೆ ಎಂದನಂತೆ. ಅಣ್ಣ ನೆಮ್ಮದಿಯಿಂದ ಉಂಡು ಮಲಗುತ್ತಿದ್ದ, ನಿಜ. ನೆಮ್ಮದಿ ಹೋದದ್ದು ಹೆಂಡತಿಗೆ. ಕೆಂಪು ಮಣ್ಣಲ್ಲಿ ಹುಟ್ಟಿ, ಕರೆಂಟಿನ ಪಕ್ಕ ಬೆಳೆದು, ಗುಜರಿಯನ್ನು ಮದುವೆಯಾದೆ ಎಂದು ಅವಳು ತಮಾಷೆ ಮಾಡುತ್ತಿದ್ದಳು. ಅಣ್ಣ ಎದುರಿಗಿದ್ದಾಗಲೇ ಮಾಡುತ್ತಿದ್ದಳು, ಅವನು ಹಲ್ಲು ಕಿರಿಯುತ್ತಿದ್ದ.

ಬೆಲ್ಟಿನ ಮುಂದೆ ನಿಂತ ಕೆಲವೇ ತಿಂಗಳಲ್ಲಿ ಅವಳಿಗೆ ಕುಲುಕಕ್ಕ ಎಂದು ಹೆಸರು ಬಿತ್ತು. ಮುಚ್ಚಿದ್ದು ಯಾವುದೇ ಬರಲಿ, ಕುಲುಕುವಳು. ಸಂಶಯ ಬಂದರೆ ಮೂಸಿ ನೋಡಿ, ಪಕ್ಕಕ್ಕಿಟ್ಟು, ಗರಗಸದವನ ಹತ್ತಿರ ಕೊಯ್ಯಿಸುವಳು. ಅವಳ ತೊಟ್ಟಿ ಉಳಿದವರದಕ್ಕಿಂತ ನಿಧಾನವಾಗಿ ತುಂಬುತ್ತಿತ್ತು. ತುಂಬಿದ ಮೇಲೆ ಅದರ ಮೈಮೇಲೆ ಸೀಮೆಸುಣ್ಣದಿಂದ, ನೀರಿಲ್ಲ ಎನ್ನುವ ಗುರುತಿಗೆ, ಒಂದು ಸೊನ್ನೆ ಬರೆಯುತ್ತಿದ್ದಳು. ಸೊನ್ನೆಯ ತೊಟ್ಟಿಯಿಂದ ಒಂದು ಸಲವೂ ಕುಲುಮೆ ಸಿಡಿದದ್ದಿಲ್ಲ. ಮೇಸ್ತ್ರಿಗೆ ಅದು ಹೆಮ್ಮೆ, ಕುಲುಮೆಯವರಿಗೆ ಹೆಮ್ಮೆ, ನನಗೂ ಹೆಮ್ಮೆಯೇ. ಅವಳೊಬ್ಬಳಿಗೆ ಮಾತ್ರ ಅದು ಹೆಮ್ಮೆ ಅನ್ನಿಸಲೇ ಇಲ್ಲ.

ಒಂದು ದಿನ ಮಧ್ಯಾಹ್ನದ ಚಹಾದ ಹೊತ್ತು. ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು.

"ಆ ಕಪ್ಪು ಬಣ್ಣದ ಕೊಳವೆ ಕುಲುಕಿದ್ನಾ ನಾನು?"

ಯಾವ ಕೊಳವೆ ಎಂದೆ. ಎರಡೂ ಕಡೆ ಮುಚ್ಚಿದ್ದು, ಮೊಳದುದ್ದದ್ದು, ಚಹಾದ ಗಂಟೆ ಹೊಡೆದಾಗ ಕೈಯಲ್ಲಿತ್ತು, ಅದನ್ನು ಹಾಕಿದ ಮೇಲೆ ತೊಟ್ಟಿ ತುಂಬಿ ಹೊರಟುಹೋಯಿತು ಎಂದಳು. ಕುಲುಕಿರುತ್ತೀರಿ ಬಿಡಿ, ನೀವು ಗಿಲಕಿಯನ್ನೂ ಬಿಟ್ಟವರಲ್ಲ ಎಂದೆ. ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಅನ್ನಿಸುತ್ತದಲ್ಲ, ಹಾಗೆ. ಹಾಕಿಯೇ ಇರುತ್ತೇವೆ. ಆದರೆ ಆ ಕ್ಷಣಕ್ಕೆ ಯಾವ ಆಣೆಯೂ ಸಾಕಾಗುವುದಿಲ್ಲ. ಅವಳು ತನ್ನ ಬಲಗೈಯನ್ನೇ ಬೇರೆಯವರ ಕೈಯೇನೋ ಎನ್ನುವ ಹಾಗೆ ನೋಡುತ್ತಿದ್ದಳು. ಆಮೇಲೆ ಲೋಟ ಎಲ್ಲಿಟ್ಟಳೋ, ನಾನು ತಿರುಗಿ ನೋಡುವಷ್ಟರಲ್ಲಿ ಓಡುತ್ತಿದ್ದಳು. ನಾನೂ ಹಿಂದೆಯೇ ಓಡಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ ನಾವಿಬ್ಬರೂ ಹಳದಿ ಗೀಟು ದಾಟಿದೆವು.

ಕುಲುಮೆಯ ಬಾಯಿ ತೆರೆದಿತ್ತು. ಸೊನ್ನೆ ಬರೆದ ತೊಟ್ಟಿ ಅದರ ಎದುರಿಗೆ ಆಗಲೇ ಬಗ್ಗುತ್ತಿತ್ತು. ಅಣ್ಣ ಕುಂಟೆ ಹಿಡಿದು ನಿಂತಿದ್ದ. ಅವರಿಗೆಲ್ಲ ತಲೆಯ ಟೋಪಿಗೆ ಜೋಡಿಸಿದ ದಪ್ಪನೆಯ ಶೀಲ್ಡು ಕೊಟ್ಟಿದ್ದಾರೆ, ಇಳಿಸಿದರೆ ಇಡೀ ಮುಖ ಮುಚ್ಚುತ್ತದೆ. ಅಣ್ಣನದು ಮೇಲಕ್ಕೆತ್ತಿತ್ತು. ಪಕ್ಕದಲ್ಲಿದ್ದ ಕುಲುಮೆಯ ಜೊತೆಗಾರ ಉದ್ದಣ್ಣನದೂ ಎತ್ತಿತ್ತು. ಬೆಂಕಿಯ ಬೆಳಕಿನಲ್ಲಿ ಅಣ್ಣನ ಮುಖ ಬೋಳಾಗಿ, ಬೆವರಿ, ಆರಾಮವಾಗಿತ್ತು. ಅತ್ತಿಗೆ ಹೇಗೆ ಕೂಗಿದಳೋ ಗೊತ್ತಿಲ್ಲ, ಕ್ರೇನಿನವನು ತೊಟ್ಟಿಯನ್ನು ಅಲ್ಲೇ ನಿಲ್ಲಿಸಿದ.

ಮೇಸ್ತ್ರಿ ಬಂದ. ಇಡೀ ತೊಟ್ಟಿಯನ್ನು ನೆಲದ ಮೇಲೆ ಸುರಿಸಿದರು. ಅವಳು ಮಂಡಿಯೂರಿ ಕೆದಕಿ ಕೆದಕಿ ಕಪ್ಪು ಕೊಳವೆ ತೆಗೆದಳು, ಕುಲುಕಿದಳು, ಸದ್ದಿಲ್ಲ. ಸಮಾಧಾನವಾಗದೆ ಕೊಯ್ಯಿಸಿದಳು. ಒಳಗೆ ತೊಟ್ಟು ನೀರಿಲ್ಲದೆ ಒಣಗಿತ್ತು, ಒಂದು ಸತ್ತ ಜೇಡ ಮಾತ್ರ ಬಿತ್ತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಣ್ಣ ಮಾತ್ರ ನಾಚಿಕೆಯಿಂದ ನೆಲ ನೋಡುತ್ತಿದ್ದ. ಅವಳನ್ನು ಸಮಾಧಾನ ಮಾಡಬೇಕೆಂದು ಉದ್ದಣ್ಣ ಬಾಯಿ ಬಿಟ್ಟ.

"ಅಕ್ಕಾ, ನೀವು ಸುಮ್ನೆ ಹೆದರ್ತೀರಿ. ಸೊನ್ನೆ ಕಂಡ್ರೆ ನಾವು ಶೀಲ್ಡೇ ಇಳಿಸಲ್ಲ. ಎಲ್ರಿಗೂ ಈ ಮರ್ಯಾದೆ ಕೊಡಲ್ಲ ನಾವು, ನಿಮ್ಮ ತೊಟ್ಟಿಗೆ ಮಾತ್ರ."

ಅವನು ಹೊಗಳಿದ್ದು ಮನಸ್ಸಿನಿಂದಲೇ. ಆ ಶೀಲ್ಡಿನೊಳಗೆ ಉಸಿರು ಕಟ್ಟುತ್ತದೆ, ಬೆವರಿಗೆ ಮಂಜು ಹಿಡಿಯುತ್ತದೆ. ಅದನ್ನು ಎತ್ತಲು ಸಿಗುವ ಒಂದು ನೆಪವೆಂದರೆ ಅವರಿಗೆ ಹಬ್ಬ. ಬೇರೆಯವರ ತೊಟ್ಟಿ ಬಂದರೆ ಇಳಿಸುವುದು, ಕುಲುಕಕ್ಕನ ತೊಟ್ಟಿ ಬಂದರೆ ಎತ್ತುವುದು, ಇದು ಗೀಟಿನ ಆಚೆ ಎಷ್ಟೋ ಕಾಲದಿಂದ ನಡೆದುಬಂದ ಪದ್ಧತಿಯಾಗಿತ್ತು. ನಮಗೆ ಗೊತ್ತಿರಲಿಲ್ಲ ಅಷ್ಟೇ. ಅತ್ತಿಗೆ ಕೊಯ್ದ ಕೊಳವೆಯ ಎರಡು ಹೋಳು ಹಿಡಿದುಕೊಂಡೇ ವಾಪಸ್ಸು ಬಂದಳು.

ಅಂದಿನಿಂದ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಅವಳು ಶೀಲ್ಡು ಇಳಿಸಿಕೊಳ್ಳಿ ಎನ್ನುವುದು, ಅಣ್ಣ ಆಯಿತು ಎನ್ನುವುದು, ಮರುದಿನ ಅವಳು ಗೀಟಿನ ಅಂಚಿನವರೆಗೆ ಹೋಗಿ ಇಣುಕಿದರೆ ಬೋಳು ಮುಖ. ಮೇಸ್ತ್ರಿಗೆ ಹೇಳಿದಳು. ಅವನು ಹೋಗಿ ಬೈದ. ಅವನು ನಿಂತಿದ್ದಷ್ಟು ಹೊತ್ತು ಇಳಿಸಿದರು, ಅವನು ಬೆನ್ನು ತಿರುಗಿಸಿದ ಮೇಲೆ ಎತ್ತಿದರು. ಸೊನ್ನೆ ಬರೆಯುವುದನ್ನೇ ಬಿಟ್ಟಳು. ತೊಟ್ಟಿ ತುಂಬಿದ ಅಚ್ಚುಕಟ್ಟು ನೋಡಿಯೇ ಇದು ಅಕ್ಕನದು ಎಂದು ಗುರುತು ಹಿಡಿದರು. ಬೇಕೆಂದೇ ಅಡ್ಡಾದಿಡ್ಡಿ ತುಂಬಿದಳು. ಅಕ್ಕನಿಗೆ ಕೋಪ ಬಂದಿದೆ ಎಂದು ನಕ್ಕರು, ಶೀಲ್ಡು ಇಳಿಸಲಿಲ್ಲ. ಗಂಡಸರ ಜೊತೆ ಕಷ್ಟ ಇದೇ, ನೀವು ಅಳುವುದನ್ನೂ ಅವರು ಪ್ರೀತಿ ಎಂದು ಖಾತೆಗೆ ಹಾಕಿಕೊಳ್ಳುತ್ತಾರೆ.

ಒಂದು ಸಂಜೆ ಅಡುಗೆಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಅಮ್ಮನೂ ನಾನೂ ಹೊಸ್ತಿಲಲ್ಲೇ ಇದ್ದೆವು.

"ನಿನ್ನ ಕೈಯನ್ನ ನಂಬೋದು ತಪ್ಪೇನೇ?" ಎಂದ ಅಣ್ಣ. "ಆ ಬಾಯಲ್ಲಿ ದಿನವೆಲ್ಲ ನಿಲ್ಲೋನಿಗೆ ಅದೊಂದೇ ಹಾಯಾದ ಹೊತ್ತು. ಅದನ್ನೂ ಕಿತ್ಕೋಬೇಕಾ?"

"ನನ್ನ ಕೈ ನನಗೇ ನಂಬಿಕೆ ಇಲ್ಲಾರೀ" ಎಂದಳು ಅವಳು. "ಅವತ್ತು ಕುಲುಕಿದ್ನೋ ಇಲ್ವೋ, ಇವತ್ತಿಗೂ ನನಗೆ ಗೊತ್ತಿಲ್ಲ."

ಅಣ್ಣನಿಗೆ ಅದು ತಲೆಗೆ ಹೋಗಲಿಲ್ಲ. ಒಣಗಿತ್ತಲ್ಲ ಎಂದ, ತಟ್ಟೆ ಎಳೆದುಕೊಂಡ. ನನಗೆ ಅವನ ಮೇಲೆ ಎಷ್ಟು ಕೋಪ ಬಂತೆಂದರೆ, ಸಣ್ಣವಳಾಗಿದ್ದಾಗ ಮಾಡುತ್ತಿದ್ದ ಹಾಗೆ ಬೆನ್ನಿಗೊಂದು ಗುದ್ದೋಣ ಅನ್ನಿಸಿತು. ಅತ್ತಿಗೆ ಸಕ್ಕರೆ ಡಬ್ಬಿ, ಉಪ್ಪಿನ ಡಬ್ಬಿ, ಎಣ್ಣೆ ಡಬ್ಬಿ ಎಲ್ಲವನ್ನೂ ಕೆಳಗಿಳಿಸಿ, ಒಂದೊಂದಾಗಿ ಕುಲುಕಿ, ಮತ್ತೆ ಮೇಲಿಟ್ಟಳು.

ಕೆಲಸ ಬಿಟ್ಟುಬಿಡುತ್ತೇನೆ ಎಂದಳು ನನ್ನ ಹತ್ತಿರ. ನಾನು ಒಪ್ಪಲಿಲ್ಲ. ನೀವು ಬಿಟ್ಟರೆ ನಿಮ್ಮ ಜಾಗಕ್ಕೆ ಬರುವವರು ಏನೇನು ದಾಟಿಸುತ್ತಾರೋ ಎಂದೆ. ಅವಳು ನನ್ನನ್ನೇ ನೋಡಿದಳು. ಆದರೆ ಅವರ ತೊಟ್ಟಿಗೆ ಇವರು ಶೀಲ್ಡು ಇಳಿಸುತ್ತಾರಲ್ಲ ಎಂದಳು.

ಮರುದಿನ ಬೆಳಿಗ್ಗೆ ಗೇಟಿನಲ್ಲಿ ಅವಳು ನಿಂತಳು. ಯಾವತ್ತೂ ನಿಲ್ಲುವವಳಲ್ಲ, ಅಲ್ಲಿಂದ ದಾಪುಗಾಲು ಹಾಕಿಕೊಂಡು ಹೋಗುವವಳು. ಏನಕ್ಕ, ಇವತ್ತು ಕಾಲಿನ ಚಕ್ರ ನಿಂತಿತಲ್ಲ ಎಂದ ಗೇಟಿನ ಮಾಮ. ಅವಳು ಸುತ್ತು ಬಳಸಿನ ಮಾತಾಡಲಿಲ್ಲ. ಅವತ್ತು ಕುಲುಮೆ ಸಿಡಿದಾಗ ನಿಮ್ಮ ಶೀಲ್ಡು ಇಳಿಸಿತ್ತಾ ಎಂದು ಕೇಳಿದಳು. ಅವನು ಮೊಣಕಾಲು ಸವರಿಕೊಂಡ.

"ಇಲ್ಲಮ್ಮ, ಎತ್ತಿತ್ತು. ಅವತ್ತು ಬಂದಿದ್ದು ನಮ್ಮಲ್ಲೇ ಒಳ್ಳೆ ಕೈಯವಳ ತೊಟ್ಟಿ. ಬೇರೆ ಯಾರದ್ದಾಗಿದ್ರೂ ಇಳಿಸ್ತಿದ್ದೆ."

ಆ ಹೆಂಗಸು ಏನಾದಳು ಎಂದು ಅತ್ತಿಗೆ ಕೇಳಲಿಲ್ಲ. ಕೇಳುವುದು ನನಗೂ ಬೇಕಿರಲಿಲ್ಲ.

ಅಂದು ಮಧ್ಯಾಹ್ನ ಚಹಾದ ಹೊತ್ತಿಗೆ ಬಿಡುವು ಮಾಡಿಕೊಂಡು ಬಂದ ಕುಲುಮೆಯವರೂ ಬೆಲ್ಟಿನವರೂ ಎಲ್ಲ ಸೇರಿದ್ದಾಗ ಅವಳು ಎದ್ದು ನಿಂತಳು.

"ಎಲ್ರೂ ಕೇಳ್ಕೊಳ್ಳಿ. ಇವತ್ತಿಂದ ನನ್ನ ಪ್ರತಿ ತೊಟ್ಟೀಲೂ ಒಂದನ್ನ ನಾನು ಕುಲುಕದೆ ಬಿಡ್ತೀನಿ. ಯಾವುದು ಅಂತ ಯಾರಿಗೂ ಹೇಳಲ್ಲ."

ಮೊದಲು ಯಾರೋ ನಕ್ಕರು. ಅವಳು ನಗಲಿಲ್ಲ. ನಗು ತಾನಾಗಿಯೇ ನಿಂತಿತು. ಉದ್ದಣ್ಣ ಲೋಟ ಕೆಳಗಿಟ್ಟ. ಅಣ್ಣನ ಮುಖ ಬೂದಿಯ ಬಣ್ಣಕ್ಕೆ ತಿರುಗಿತು, ಹುಚ್ಚು ಹಿಡಿದಿದೆಯೇನೇ ನಿನಗೆ ಎಂದ, ಅವಳು ಅವನ ಕಡೆ ನೋಡಲಿಲ್ಲ. ಮೇಸ್ತ್ರಿಗೆ ಕೋಪ ನೆತ್ತಿಗೇರಿತು. ಇಂಥ ಮಾತಾಡಿದವರನ್ನು ಒಂದು ಕ್ಷಣವೂ ಇಟ್ಟುಕೊಳ್ಳಬಾರದು ಎಂದು ಕೂಗಾಡಿದ. ತೆಗೆದುಹಾಕಿ ಎಂದಳು ಅವಳು ಮೆಲ್ಲಗೆ. ಗಂಟೆ ಹೊಡೆಯಿತು, ಬೆಲ್ಟು ಹೊರಟಿತು, ಅವಳು ಹೋಗಿ ತನ್ನ ಜಾಗದಲ್ಲಿ ನಿಂತಳು.

ಅಂದು ಅವಳ ತೊಟ್ಟಿ ಗೀಟು ದಾಟಿದಾಗ ಆಚೆ ಕಡೆ ಟಕ್ ಟಕ್ ಎಂದು ಶೀಲ್ಡುಗಳು ಇಳಿದ ಸದ್ದು ನಮಗೆ ಕೇಳಿಸಿತು. ಮರುದಿನವೂ ಕೇಳಿಸಿತು. ಆಮೇಲೆ ನಿಲ್ಲಲೇ ಇಲ್ಲ.

ಅವಳನ್ನು ಮೇಸ್ತ್ರಿ ತೆಗೆದುಹಾಕಲಿಲ್ಲ. ನನ್ನನ್ನು ಗೋಡೆಯ ಬದಿಗೆ ಕರೆದು, ನೀನು ಅವಳ ಪಕ್ಕದಲ್ಲೇ ನಿಲ್ಲು, ಅವಳು ಬಿಟ್ಟದ್ದನ್ನು ನೀನು ಕುಲುಕು, ಈ ಮಾತು ಗೀಟಿನ ಆಚೆ ಹೋಗಬಾರದು ಎಂದ. ಅವನೂ ದಡ್ಡನಲ್ಲ, ತಾನು ಗಂಟಲು ಹರಿದುಕೊಂಡರೂ ಇಳಿಯದ ಶೀಲ್ಡುಗಳು ಇಳಿದದ್ದನ್ನು ಅವನೂ ನೋಡಿದ್ದ. ನಾನು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ. ದಿನಗಟ್ಟಲೆ, ವಾರಗಟ್ಟಲೆ ಕಾದೆ. ಅವಳು ಒಂದನ್ನೂ ಬಿಡಲಿಲ್ಲ. ಮೊದಲು ಒಮ್ಮೆ ಕುಲುಕುತ್ತಿದ್ದದ್ದನ್ನು ಈಗ ಎರಡೆರಡು ಸಲ ಕುಲುಕುತ್ತಿದ್ದಳು, ಆದರೆ ಕೈಯನ್ನು ಬೆಲ್ಟಿನ ಅಂಚಿನ ಕೆಳಗೆ ಹಿಡಿದು, ಯಾರಿಗೂ ಕಾಣದ ಹಾಗೆ, ಕದ್ದು ತಿನ್ನುವವಳ ಹಾಗೆ. ನನ್ನ ಕಣ್ಣು ಅವಳ ಕಣ್ಣು ಒಮ್ಮೆ ಕೂಡಿದವು. ನಾನು ಬೇರೆ ಕಡೆ ತಿರುಗಿದೆ. ಅದರ ಬಗ್ಗೆ ನಾವು ಇದುವರೆಗೆ ಮಾತಾಡಿಲ್ಲ.

ಕಳೆದುಕೊಂಡದ್ದನ್ನೂ ಹೇಳಬೇಕು. ಕುಲುಕಕ್ಕ ಎಂದು ಈಗ ಯಾರೂ ಕರೆಯುವುದಿಲ್ಲ. ಬೆಲ್ಟಿನ ಹೆಂಗಸರು ಚಹಾಕ್ಕೆ ಅವಳ ಬೆಂಚು ಬಿಟ್ಟು ಆಚೆ ಬೆಂಚಿನಲ್ಲಿ ಕೂರುತ್ತಾರೆ. ಉದ್ದಣ್ಣ ಎದುರು ಸಿಕ್ಕರೆ ಮುಖ ತಿರುಗಿಸಿಕೊಳ್ಳುತ್ತಾನೆ. ಅಣ್ಣ ಮನೆಯಲ್ಲಿ ಉಪ್ಪು ಬೇಕಾದರೂ ಅಮ್ಮನನ್ನು ಕೇಳುತ್ತಾನೆ. ಅಮ್ಮ ನನ್ನನ್ನು ಮೂಲೆಗೆ ಕರೆದು, ಇವಳು ಹೀಗೇಕೆ ಆದಳು ಎಂದು ಕಣ್ಣೊರೆಸಿಕೊಳ್ಳುತ್ತಾಳೆ. ಅವಳು ಮಾತ್ರ ಈಗ ಚಹಾ ಕುಡಿಯುವಾಗ ಎರಡೂ ಕಾಲು ನೆಟ್ಟಗೆ ನೆಲಕ್ಕೂರಿ ಕೂರುತ್ತಾಳೆ. ಇದನ್ನು ಬೇರೆ ಯಾರೂ ಗಮನಿಸಿಲ್ಲ. ಅವಳ ಚಡಪಡಿಕೆ ಎದ್ದು ಬಂದು ನನ್ನೊಳಗೆ ಕೂತಿದೆ.

ನಿನ್ನೆ ಕೆಲಸ ಬಿಟ್ಟ ಮೇಲೆ ಅಣ್ಣನೂ ನಾನೂ ಒಟ್ಟಿಗೆ ನಡೆದು ಬರುತ್ತಿದ್ದೆವು. ಅವಳು ಮುಂದೆ ಹೋಗಿದ್ದಳು, ತಿರುವಿನ ಅಂಗಡಿಯಲ್ಲಿ ಏನನ್ನೋ ಕೊಳ್ಳುತ್ತಿದ್ದದ್ದು ದೂರದಿಂದ ಕಾಣುತ್ತಿತ್ತು. ಅಣ್ಣನ ಹಣೆಯ ಮೇಲೆ ಶೀಲ್ಡಿನ ಪಟ್ಟಿ ಒತ್ತಿದ ಕೆಂಪು ಗೆರೆ. ಕೆನ್ನೆ, ಮೂಗು, ಕಣ್ಣು ಎಲ್ಲ ಇದ್ದ ಹಾಗೇ ಇದ್ದವು. ಅವನು ನಡೆಯುತ್ತ ನಡೆಯುತ್ತ ನನ್ನ ಕಡೆ ನೋಡದೆ ಕೇಳಿದ.

"ನೀನು ಪಕ್ಕದಲ್ಲೇ ನಿಂತಿರ್ತೀಯಲ್ಲ. ನಿಜ ಹೇಳು, ಅವಳು ಒಂದನ್ನ ಬಿಡ್ತಾಳಾ?"

ಅಂಗಡಿಯ ಮುಂದೆ ಅತ್ತಿಗೆ ಒಂದು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಕುಲುಕುತ್ತಿದ್ದಳು. ಅಂಗಡಿಯವನು ಬೇಸರದಿಂದ ಕಾಯುತ್ತಿದ್ದ. ಅಣ್ಣನೂ ಅದನ್ನು ನೋಡಿದ.

"ಅಂಗಡಿ ಡಬ್ಬಿ ಕುಲುಕ್ತಾಳೆ" ಎಂದ. "ನನ್ನ ಕುಲುಮೆಗೆ ಬರೋದನ್ನ ಮಾತ್ರ ಬಿಡ್ತಾಳೆ."

ಅವನ ದನಿ ಒಡೆದಿತ್ತು. ಅಷ್ಟು ವರ್ಷ ಒಟ್ಟಿಗೆ ಬೆಳೆದವಳು ನಾನು, ಅವನು ಅಳುವುದಕ್ಕೆ ಮೊದಲು ಹೇಗೆ ಮಾತಾಡುತ್ತಾನೆ ಎಂದು ನನಗೆ ಗೊತ್ತು. ಒಂದು ಮಾತು ಹೇಳಿದರೆ ಸಾಕಿತ್ತು, ಓಡಿಹೋಗಿ ಅವಳ ಕೈಯಿಂದ ಚೀಲ ಇಸಿದುಕೊಳ್ಳುತ್ತಿದ್ದ. ಬೆಳಗಾದರೆ ಶೀಲ್ಡನ್ನೂ ಎತ್ತುತ್ತಿದ್ದ.

"ಬಿಡ್ತಾಳೆ ಅಣ್ಣಾ" ಎಂದೆ. "ದಿನಾ ಬಿಡ್ತಾಳೆ."